ತೆಗೆದುಹಾಕು ಎಂದ ಚಿತ್ರಗಳು

ನನ್ನ ತಂಗಿ ರೂಪಾಳಿಗೆ ಅನಿಮೇಷನ್ ಕಾಲೇಜಿನ ಸೀಟು ತಪ್ಪಿದ್ದು ನನ್ನಿಂದ. ಬೇಕೆಂದೇ ತಪ್ಪಿಸಿದೆ — ಸಲಹೆ ಕೊಡುವವಳಂತೆ ಪಕ್ಕದಲ್ಲೇ ಕುಳಿತು.

ಆಗ ನಾವು ಬಾಗಲಗುಂಟೆಯಲ್ಲಿದ್ದೆವು. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಪಿಯುಸಿ ಮುಗಿಸಿ ನಾನು ಚಿತ್ರಕಲೆ ಓದುತ್ತೇನೆಂದಾಗ, "ಅದ್ರಲ್ಲಿ ಏನಮ್ಮಾ ಭವಿಷ್ಯ? ಸುಮ್ನೆ ಬಿಕಾಂ ಮಾಡು" ಎಂದಿದ್ದರು. ಮಾಡಿದೆ. ಕೆಲವು ವರ್ಷಗಳ ಮೇಲೆ ರೂಪಾ ಅನಿಮೇಷನ್ ಎಂದಳು. ಅದೇ ಅಪ್ಪ, ತಟ್ಟೆಯಿಂದ ತಲೆ ಎತ್ತದೆ, "ಇಷ್ಟ ಇದ್ರೆ ಸೇರ್ಕೋ ಕಣಮ್ಮಾ" ಎಂದುಬಿಟ್ಟರು. ಅಷ್ಟು ಸಲೀಸಾಗಿ... ನಾನು ಅರ್ಧಕ್ಕೇ ತಟ್ಟೆ ಎತ್ತಿಕೊಂಡು ಎದ್ದುಹೋದೆ.

ಪ್ರವೇಶಕ್ಕೆ ತಾನು ಬರೆದ ಚಿತ್ರಗಳನ್ನೆಲ್ಲ ಜೋಡಿಸಿ ಪೋರ್ಟ್‌ಫೋಲಿಯೋ ಕಳಿಸಬೇಕಿತ್ತು. ರೂಪಾಳ ಹತ್ತಿರ ಏನೆಲ್ಲ ಇತ್ತು! ಗಾರ್ಮೆಂಟ್ಸ್ ಗೇಟಿನಿಂದ ಹೊರಬರುತ್ತಲೇ ಜಡೆ ಬಿಗಿಯುವ ಹೆಂಗಸರು, ಓಡಿಬಂದು ಬಸ್ಸಿನ ಕಂಬಿ ಹಿಡಿಯುವವಳು, ಆಟೊ ಕೆಳಗೆ ಮೈಮುರಿಯುವ ನಾಯಿ. ಕೆಲವೇ ಗೆರೆ, ನೋಡಿದರೆ ಇನ್ನೇನು ಹೆಜ್ಜೆ ಎತ್ತಿಡುತ್ತಾರೆ ಅನ್ನಿಸುತ್ತಿತ್ತು. ಜೊತೆಗೆ, ಫೋನು ನೋಡಿ ನಕಲು ಮಾಡಿ ನುಣುಪಾಗಿ ಬಣ್ಣ ತುಂಬಿದ ಕಾರ್ಟೂನು ಮುಖಗಳೂ ಇದ್ದವು.

ಏನು ಕಳಿಸಬೇಕೆಂದು ಕಾಲೇಜಿಗೆ ಫೋನ್ ಮಾಡಿದವಳು ನಾನೇ. "ಕಣ್ಣಾರೆ ನೋಡಿ ಬರೆದಿರೋದನ್ನೇ ಜಾಸ್ತಿ ಕಳಿಸೋಕೆ ಹೇಳಿ ಮೇಡಂ, ಕಾಪಿ ಮಾಡಿದ್ದು ಬೇಡ" ಎಂದು ಅಲ್ಲಿನ ಅಧ್ಯಾಪಕರು ಬಿಡಿಸಿ ಹೇಳಿದರು.

ಫೋನ್ ಇಟ್ಟು ತಂಗಿಯ ಕಡೆ ತಿರುಗಿದೆ. "ಈ ಗೀಚಿರೋದೆಲ್ಲ ತೆಗೆದುಹಾಕು ಕಣೇ. ಫಿನಿಶಿಂಗ್ ಇರೋದೇ ಬೇಕಂತೆ."

"ನಿಜ್ವಾಗ್ಲೂನಾ ಅಕ್ಕಾ?"

ಆಗಲಾದರೂ ತಿದ್ದಿಕೊಳ್ಳಬಹುದಿತ್ತು. "ಹೂಂ" ಎಂದೆ.

ಆಯ್ಕೆಯಾದವರಲ್ಲಿ ಅವಳ ಹೆಸರಿರಲಿಲ್ಲ. ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. ತಲೆ ಸವರಿದೆ. ಸಂಕಟವಾಯಿತು, ನಿಜ — ಆದರೆ ಅದರ ಅಡಿಯಲ್ಲಿ ಒಂದು ಸಮಾಧಾನವೂ ಇತ್ತು. ಅದನ್ನೂ ಹೇಳದಿದ್ದರೆ ಇದೆಲ್ಲ ಬರೆದು ಏನು ಪ್ರಯೋಜನ?

ಅವಳು ಬಿಬಿಎ ಸೇರಿದಳು. ಈಗ ಮಾರತ್ತಹಳ್ಳಿಯ ಆಫೀಸೊಂದರಲ್ಲಿದ್ದಾಳೆ. ಮತ್ತೆ ಪೆನ್ಸಿಲ್ ಹಿಡಿಯಲಿಲ್ಲ. ಮೊನ್ನೆ ಅವಳ ಮನೆಯಲ್ಲಿ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳುತ್ತಿದ್ದಳು: "ಆ ಚಿತ್ರದ ಹುಚ್ಚಲ್ಲಿ ಇನ್ನೂ ಎಷ್ಟು ವರ್ಷ ಹಾಳ್ಮಾಡ್ಕೊತಿದ್ನೋ! ಅಕ್ಕ ಒಬ್ಳೇ ಆಗ ಜೊತೆಗಿದ್ದಿದ್ದು ಕಣ್ರೀ."

ತಡೆಯಲಾಗಲಿಲ್ಲ. ಅಡುಗೆಮನೆಗೆ ಅವಳ ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ — ಫೋನು, ಆ ಅಧ್ಯಾಪಕರ ಮಾತು, ನನ್ನ "ಹೂಂ".

ಅವಳು ಕೂಗಾಡಲಿಲ್ಲ. ತೊಳೆಯುತ್ತಿದ್ದ ಲೋಟವನ್ನೇ ಬಹಳ ಹೊತ್ತು ತೊಳೆದಳು. ಆಮೇಲೆ, "ನಂಗೆ ಬರಲ್ಲ ಅಂತಾನೇ ಬಿಟ್ಟಿದ್ದು, ಅಕ್ಕಾ" ಎಂದಳು.

ಅಂದಿನಿಂದ ನನ್ನೊಡನೆ ಮಾತಿಲ್ಲ. ಕ್ಷಮಿಸು ಎಂದು ಅವಳನ್ನು ಕಾಡುವುದಿಲ್ಲ. ಅಪ್ಪ ಮಾತ್ರ ಇವತ್ತಿಗೂ, "ರೂಪಂಗೆ ಕೈ ಅಷ್ಟು ಓಡ್ತಿರ್ಲಿಲ್ಲ" ಎಂದೇ ನೆಂಟರಿಗೆ ಹೇಳುತ್ತಾರೆ. ಭಾನುವಾರ ಅವಳು ಅಪ್ಪನನ್ನು ನೋಡಲು ಮನೆಗೆ ಬರುತ್ತಾಳೆ. ನಾನು ಮಾಡಿದ್ದನ್ನು ಅಪ್ಪನಿಗೆ ಹೇಳುತ್ತೇನೆ — ಅವಳೆದುರಿಗೇ.