ಒರೆಸದ ಲೆನ್ಸು

ಒಳಚರಂಡಿ ವಿಭಾಗದಲ್ಲಿ ಅವನನ್ನು ಎಲ್ಲರೂ ಹದ್ದುಗಣ್ಣು ಎಂದೇ ಕರೆಯುತ್ತಿದ್ದರು. ರಸ್ತೆ ಬದಿಯ ವ್ಯಾನಿನಲ್ಲಿ ಕುಳಿತು, ಪುಟ್ಟ ಚಕ್ರಗಳ ಕ್ಯಾಮೆರಾವನ್ನು ಮ್ಯಾನ್‌ಹೋಲಿನಿಂದ ಪೈಪಿನೊಳಗೆ ಬಿಟ್ಟು, ಪರದೆಯ ಮೇಲೆ ಕೂದಲೆಳೆಯಂಥ ಬಿರುಕನ್ನೂ ಹಿಡಿಯುತ್ತಿದ್ದ. ಆ ಹೆಸರು ಅವನ ತಲೆಗೇರಿತ್ತು ಅನ್ನಿ.

ಕಳೆದ ತಿಂಗಳು ಅಕ್ಕನ ಬೀದಿಯ ಪೈಪು ನೋಡುವಾಗ ನಲವತ್ತನೇ ಮೀಟರಿನಲ್ಲಿ ಲೆನ್ಸಿಗೆ ಜಿಡ್ಡು ಮೆತ್ತಿಕೊಂಡು ಪರದೆ ಮಬ್ಬಾಯಿತು. ಕೇಬಲ್ ಹಿಂದಕ್ಕೆಳೆದು, ಲೆನ್ಸು ಒರೆಸಿ, ಮತ್ತೆ ಬಿಡಬೇಕು. ಅರ್ಧ ಗಂಟೆಯ ಕೆಲಸ. ಹೊಟ್ಟೆ ಚುರುಗುಟ್ಟುತ್ತಿತ್ತು. ಅಕ್ಕ ಬೇರೆ ಅವತ್ತು ಮನೆಯಲ್ಲಿರಲಿಲ್ಲ. ಉಳಿದ ಇಪ್ಪತ್ತು ಮೀಟರನ್ನು ಮಬ್ಬಿನಲ್ಲೇ ಓಡಿಸಿ, ವರದಿಯಲ್ಲಿ ‘ಪೈಪು ಸರಿಯಿದೆ’ ಎಂದು ಬರೆದು ಊಟಕ್ಕೆ ಹೋದ.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ತಮ್ಮ, ಉಂಡವಳು ಅಕ್ಕ. ಈ ತಿಂಗಳು ಪೈಪು ಕಟ್ಟಿಕೊಂಡು ಅವಳ ಬಚ್ಚಲಿನಿಂದ ಹೊಲಸು ಉಕ್ಕಿ ಅಡುಗೆಮನೆವರೆಗೆ ಬಂದಿತ್ತು. ಮಂಡಿಯೂರಿ ನೆಲ ಬಳಿಯುತ್ತಿದ್ದವಳು, ದೂರು ಬಂತೆಂದು ವ್ಯಾನು ತಂದ ಅವನನ್ನು ಕಂಡದ್ದೇ ಬಾಗಿಲಲ್ಲಿದ್ದ ನೆರೆಮನೆಯವಳಿಗೆ ಹೇಳಿದಳು:

"ನೋಡಿ, ನನ್ನ ತಮ್ಮ ಬಂದ. ಇವನೇ ಮೊದಲು ನೋಡಿದ್ದಿದ್ರೆ ಈ ಗತಿ ಬರ್ತಿರ್ಲಿಲ್ಲ. ಯಾವನೋ ಕಾಟಾಚಾರಕ್ಕೆ ನೋಡ್ಕೊಂಡು ಹೋಗಿದಾನೆ."

ಅವನು ವ್ಯಾನಿಗೆ ಹೋದ. ಈ ಸಲ ಲೆನ್ಸನ್ನು ಎರಡೆರಡು ಬಾರಿ ಒರೆಸಿದ. ಐವತ್ತೆರಡನೇ ಮೀಟರಿನಲ್ಲಿ ಪೈಪಿನ ಜಾಯಿಂಟು ಒಡೆದು, ಜಡೆಯಷ್ಟು ದಪ್ಪ ಮರದ ಬೇರು ಒಳಗಿಳಿದಿತ್ತು. ಒಂದು ತಿಂಗಳಲ್ಲಿ ಬೆಳೆಯುವ ಬೇರಲ್ಲ ಅದು. ವರದಿಯನ್ನು ಅಕ್ಕ ಎಲ್ಲಿ ಓದುತ್ತಾಳೆ, ಬಾಯಿ ಮುಚ್ಚಿಕೊಂಡಿದ್ದರೆ ಆಗಿಹೋಗುತ್ತಿತ್ತು. ಆದರೆ ಆ ಹೊಗಳಿಕೆಯನ್ನು ಹೊತ್ತುಕೊಂಡು ಅವಳ ಮನೆ ಮೆಟ್ಟಿಲು ಹತ್ತುವುದು ಹೇಗೆ?

ಬೇರು ಕತ್ತರಿಸಿ ನೀರು ಇಳಿದ ಮೇಲೆ ಅಡುಗೆಮನೆಗೆ ಬಂದು ನಿಂತ.

"ಅಕ್ಕಾ, ಆ ಯಾವನೋ ನಾನೇ. ಲೆನ್ಸು ಮಬ್ಬಾಗಿತ್ತು. ಒರೆಸೋಕೆ ಸೋಮಾರಿತನ. ಹಾಗೇ ಬರೆದುಬಿಟ್ಟೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ನೆಲದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಸೊಂಟ ಹಿಡಿದುಕೊಂಡು ಎದ್ದು ಹೊರಗೆ ಹೋದಳು.

"ಯಾರಂತೆ, ಮೊದಲು ನೋಡಿದೋನು?" ನೆರೆಮನೆಯವಳು ಕೇಳಿದಳು.

"ಯಾರದೂ ತಪ್ಪಲ್ಲ ಬಿಡಿ. ಅವತ್ತು... ಅವತ್ತು ಮೆಷಿನ್ನೇ ಕೆಟ್ಟಿತ್ತಂತೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಕ್ಕನ ಮಾತು ತೊದಲಿದ್ದು ಒಳಗಿದ್ದವನಿಗೆ ಕೇಳಿಸಿತು. ಅವನು ಬಕೆಟ್ಟಿನಿಂದ ಬಟ್ಟೆ ತೆಗೆದು ಹಿಂಡಿ, ಮಂಡಿಯೂರಿ, ನೆಲ ಒರೆಸತೊಡಗಿದ. ಅಕ್ಕ ಒಳಗೆ ಬಂದಾಗಲೂ ತಲೆ ಎತ್ತಲಿಲ್ಲ.