ಖಾಲಿ ಬಟ್ಟಲಿನ ಕಾನೂನು

ಗಾಲಿ ತಾತನ ಸೈಕಲ್ ಅಂಗಡಿ ಎಷ್ಟು ಚಿಕ್ಕದೆಂದರೆ, ಒಳಗೆ ಬಂದ ನೊಣ ಹೊರಗೆ ಹೋಗಬೇಕಾದರೆ ಹಿಮ್ಮುಖವಾಗಿಯೇ ಹಾರಬೇಕು. ಮೂವತ್ತೈದು ವರ್ಷ ಅವನು ಅಲ್ಲಿ ಹಗಲೆಲ್ಲ ಗಾಲಿಗಳನ್ನು ನೆಟ್ಟಗೆ ಮಾಡಿ, ಸಂಜೆ ತಾನು ಸೊಟ್ಟಗೆ ನಡೆದು ಮನೆ ಸೇರಿದವನು. ಅವನು ಕುಡಿದದ್ದನ್ನೆಲ್ಲ ಒಟ್ಟು ಸುರಿದಿದ್ದರೆ ಊರಿನ ನೀರಿನ ಟ್ಯಾಂಕು ತುಂಬಿ ಚೆಲ್ಲುತ್ತಿತ್ತು. ಬಿಟ್ಟು ಒಂಬತ್ತು ವರ್ಷ. ಅದೂ ನಾಲ್ಕು ಸಲ ಬಿಟ್ಟು ಸೋತು, ಐದನೆಯ ಸಲ ಗೆದ್ದದ್ದು.

ಬಾಟಲಿ ಹೋಗುವಾಗ ನೆನಪನ್ನೂ ಬಗಲಲ್ಲಿಟ್ಟುಕೊಂಡು ಹೋಯಿತು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಗೊತ್ತಿಲ್ಲ. ಕೇಳಿದರೆ ತಡವರಿಸುವುದೂ ಇಲ್ಲ. "ಪೊಲೀಸ್ ಸಾಹೇಬರ ಮನೇಲಿ ಊಟ ಆಯ್ತು" ಎಂದು ಕತೆ ಕಟ್ಟಿಬಿಡುತ್ತಾನೆ.

ಡಾಕ್ಟರಮ್ಮ ಅವನ ಹೆಂಡತಿಗೆ ಬಿಡಿಸಿ ಹೇಳಿದ್ದರು: "ಅದು ಸುಳ್ಳಲ್ಲಮ್ಮ. ಕುಡಿತ ಮಿದುಳನ್ನ ಸವೆಸಿದೆ, ಮೇಲೆ ವಯಸ್ಸೂ ಆಗಿದೆ. ಹೊಸದು ನಿಲ್ಲಲ್ಲ, ಖಾಲಿ ಜಾಗಕ್ಕೆ ಮಿದುಳೇ ಏನೋ ತುಂಬುತ್ತೆ. ಕೈ ಕಲಿತದ್ದು ಮಾತ್ರ ಅಷ್ಟು ಬೇಗ ಹೋಗಲ್ಲ. ಬಿಟ್ಟಿದ್ದಕ್ಕೇ ಇಷ್ಟಾದ್ರೂ ಉಳಿದಿದೆ."

ಕೈ ಉಳಿದಿತ್ತು, ನಿಜ. ಗಾಲಿಯ ಕಡ್ಡಿಗಳನ್ನು ಬೆರಳಲ್ಲಿ ಮೀಟಿ, ಸದ್ದಿನಲ್ಲೇ ಯಾವುದು ಸಡಿಲ ಎಂದು ಹೇಳುತ್ತಿದ್ದ. ಆದರೆ ಹೋದ ತಿಂಗಳು ಮೇಷ್ಟ್ರ ಸೈಕಲಿನ ಬ್ರೇಕ್ ನಟ್ಟು ಬಿಗಿಯುವುದನ್ನೇ ಮರೆತ. ಮೇಷ್ಟ್ರು ಇಳಿಜಾರಿನಲ್ಲಿ ಸೀದಾ ಪೊರಕೆ ಅಂಗಡಿಗೆ ನುಗ್ಗಿ, ಮುಳ್ಳುಹಂದಿಯಾಗಿ ಹೊರಬಂದರು.

"ಇನ್ನೊಂದು ಸಲ ಹೀಗಾದ್ರೆ ಅಂಗಡಿಗೆ ಬೀಗ, ರೀ. ಯಾರದಾದ್ರೂ ಪ್ರಾಣ ಹೋದ್ರೆ?" ಎಂದಳು ಹೆಂಡತಿ. ಬೀಗದ ಕೈ ಅವಳ ಚೀಲ ಸೇರಿತು; ಅಂದಿನಿಂದ ಬೆಳಿಗ್ಗೆ ಅಂಗಡಿ ತೆಗೆಯುವುದೂ ಸಂಜೆ ಹಾಕುವುದೂ ಅವಳೇ.

ಎಪ್ಪತ್ತೆರಡರ ತಾತ ತನಗೆ ತಾನೇ ಕಾನೂನು ಮಾಡಿಕೊಂಡ. ಬಿಚ್ಚಿದ ಪ್ರತಿ ನಟ್ಟೂ ತಗಡಿನ ಬಟ್ಟಲಿಗೆ. ಬಟ್ಟಲು ಖಾಲಿಯಾಗದೆ ಸೈಕಲ್ ಹೊಸ್ತಿಲು ದಾಟುವಂತಿಲ್ಲ. ಅದನ್ನು ಗೋಡೆಯ ಮೇಲೆ ಆಳೆತ್ತರ ಬರೆದ. ದಿನಾ ಓದಿ, "ಯಾರೋ ಬುದ್ಧಿವಂತ ಬರೆದಿದಾನೆ" ಎಂದು ತಲೆದೂಗುತ್ತಿದ್ದ.

ಮೊನ್ನೆ ಅದೇ ಮೇಷ್ಟ್ರ ಸೈಕಲ್ ಬಿಚ್ಚಿ ಜೋಡಿಸಿ ಮುಗಿಸಿದಾಗ ಬಟ್ಟಲಲ್ಲಿ ಒಂದು ನಟ್ಟು ಉಳಿದಿತ್ತು.

"ಕೊಡು ತಾತ, ಪರೀಕ್ಷೆ ಇದೆ, ಗಂಟೆ ಹೊಡೆದುಬಿಡ್ತಾರೆ!" ಎಂದು ಮೇಷ್ಟ್ರು ಅವಸರಪಡಿಸಿದರು.

'ಅದು ನಿನ್ನೆಯ ಸ್ಕೂಟರಿನದು' ಎಂಬ ಕತೆ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ತಾತ ಗೋಡೆ ನೋಡಿದ. ಕತೆಯನ್ನು ನುಂಗಿಕೊಂಡ. ಬಾಟಲಿ ಬಿಡುವುದಕ್ಕಿಂತ ಕಷ್ಟದ ಕೆಲಸ ಅದು.

"ನಡ್ಕೊಂಡು ಹೋಗಿ ಮೇಷ್ಟ್ರೇ. ಇದು ಎಲ್ಲಿಂದ ಬಂತೋ ನಂಗೆ ಗೊತ್ತಿಲ್ಲ."

ಮೇಷ್ಟ್ರು ಗೊಣಗುತ್ತ ಓಡಿದರು. ತಾತ ಸೈಕಲನ್ನು ಪೂರ್ತಿ ಬಿಚ್ಚಿ ಜೋಡಿಸಿದ. ಎಲ್ಲ ನಟ್ಟೂ ಅದರದರ ಜಾಗದಲ್ಲಿ, ಆ ಒಂದು ಮಾತ್ರ ಎಲ್ಲಿಗೂ ಸೇರದು. ಮತ್ತೆ ಬಿಚ್ಚಿದ. ಮೂರನೆಯ ಸಲ ಬಿಚ್ಚುವಾಗ ಹೆಂಡತಿ ಊಟ ತಂದಳು. ಬಟ್ಟಲು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ, ಇದು ನನ್ನ ಪಾತ್ರೆ ಮುಚ್ಚಳದ್ದು ರೀ! ಬೆಳಿಗ್ಗೆ ನಾನೇ ಹಾಕಿದ್ದು, ಸರಿಮಾಡಿಸೋಣಾಂತ. ಹೇಳೋಕೇ ಮರ್ತೆ."

"ನಾನು ಮರೆಯೋಕೆ ಮೂವತ್ತೈದು ವರ್ಷ ಕುಡೀಬೇಕಾಯ್ತು. ನೀನು ಒಂದು ತೊಟ್ಟೂ ಮುಟ್ಟದೆ ಸಾಧಿಸಿದೆಯಲ್ಲೇ!"

ಸಂಜೆ ಮೇಷ್ಟ್ರು ಬಂದು ಬ್ರೇಕನ್ನು ಮೂರು ಸಲ ಹಿಸುಕಿ ನೋಡಿದರು, ತಾತನ ಭುಜ ತಟ್ಟಿ ಸೈಕಲ್ ಹತ್ತಿದರು. ಅವರು ಇಳಿಜಾರಿನ ಕೊನೆಯಲ್ಲಿ ಬ್ರೇಕ್ ಹಿಡಿದು ನಿಂತು, ಪೊರಕೆ ಅಂಗಡಿ ದಾಟಿ ತಿರುಗುವವರೆಗೂ ಹೆಂಡತಿ ಬಾಗಿಲಲ್ಲಿ ನೋಡುತ್ತಿದ್ದಳು. ಆಮೇಲೆ ಚೀಲ ತಡಕಿ, ಬೀಗದ ಕೈ ತೆಗೆದು, ಗೋಡೆಯ ಬರಹದ ಕೆಳಗಿನ ಮೊಳೆಗೆ ತೂಗುಹಾಕಿದಳು.

"ಇಲ್ಲೇ ಇರ್ಲಿ ರೀ. ನನ್ನ ಹತ್ರ ಇದ್ರೆ ಎಲ್ಲಿಟ್ಟೆ ಅಂತ ಮರ್ತುಬಿಡ್ತೀನಿ."