ದಾವಣಿಯ ಕುಣಿಕೆ

ನನ್ನ ಮೊಮ್ಮಗಳು ಗಂಗವ್ವ ನಿನ್ನೆ ಶಾಲೆಯಿಂದ ಕೂದಲೂ ಕೊಂಕದೆ ಮನೆ ಸೇರಿದಳು. ಓಣಿಗೆಲ್ಲ ಹೇಳಿದರೂ ಸಾಲದೆ ಮಗನ ಕೈಯಿಂದ ಇದನ್ನು ಬರೆಸುತ್ತಿದ್ದೇನೆ.

ಹುಮನಾಬಾದಿನ ದೊಡ್ಡ ರಸ್ತೆಯಲ್ಲಿ ಅವಳನ್ನು ಕೈಹಿಡಿದು ಶಾಲೆಗೆ ಬಿಡುತ್ತಿದ್ದವಳು ನಾನು. ಮುಡಬಿಯಿಂದ ಸೊಸೆಯ ತಾಯಿ ಬಂದರು. ಬಂದವರೇ ದನಗಳನ್ನು ಸಾಲಾಗಿ ಕಟ್ಟುವ, ಉದ್ದಕ್ಕೂ ಕುಣಿಕೆಗಳಿರುವ ದಾವಣಿ ಹಗ್ಗ ತೊಳೆದು, ಗಂಗವ್ವನೂ ಸೇರಿ ಓಣಿಯ ಆರು ಮಕ್ಕಳ ಕೈಗೆ ಒಂದೊಂದು ಕುಣಿಕೆ ಹಿಡಿಸಿ, ತಾವೇ ಕರೆದೊಯ್ಯತೊಡಗಿದರು. ಗಂಗವ್ವ ನನ್ನ ಕೈ ಬಿಟ್ಟು ಕುಣಿಕೆ ಹಿಡಿದಳು. ನನಗೆ ಹೊಟ್ಟೆ ಉರಿಯಿತು.

"ಮಕ್ಕಳಂದ್ರ ಕರಾ ಏನ್ರಿ ಬೀಗತಿ, ದಾವಣಿ ಹಾಕಾಕ?"

"ಕರಾನೇ ಛಲೋ ಬಿಡ್ರಿ, ಹೇಳಿದ್ದ ಕೇಳತಾವ," ಎಂದು ನಕ್ಕರು.

ನಿನ್ನೆ ಶಾಲೆ ಬಿಡುವ ಹೊತ್ತಿಗೆ, ಏನಾದರೂ ತಪ್ಪು ಸಿಕ್ಕೀತೆಂದು ನಾನೂ ಹಿಂದೆ ಹೋಗಿದ್ದೆ. ಹೈದರಾಬಾದಿನ ಮೋಟರು ಬಸ್ಸು ಕೂಗಿದ್ದಕ್ಕೆ ಬೆದರಿದ ಎತ್ತುಗಳು ಖಾಲಿ ಗಾಡಿ ಎಳೆದುಕೊಂಡು ಮಕ್ಕಳತ್ತ ನುಗ್ಗಿದವು. ನಾನು ನಿಂತಲ್ಲೇ ಚೀರಿದೆ. ಬೀಗತಿ ಚೀರಲಿಲ್ಲ, ಹಗ್ಗವನ್ನು ರಸ್ತೆಬದಿಯ ಗೋಡೆಯತ್ತ ಜಗ್ಗಿದರು. ಆರೂ ಮಕ್ಕಳು ಸಾಲಾಗಿ ಗೋಡೆಗೆ ಅಂಟಿಕೊಂಡರು. ಒಬ್ಬರೂ ಕುಣಿಕೆ ಬಿಡಲಿಲ್ಲ. ಗಾಡಿಯ ಗಾಲಿ ಅವರ ಮುಂದೆಯೇ ಉರುಳಿಹೋಯಿತು.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಲು ಕುಳಿತೆವು. ಬೀಗತಿಯ ರೊಟ್ಟಿಗೆ ನಾನೇ ಎರಡು ಸಲ ಬೆಣ್ಣೆ ಹಾಕಿದೆ. ಗಂಗವ್ವ ಅವರಿಗೇ ಒರಗಿ ಕುಳಿತಿದ್ದಳು, ಅದು ಮಾತ್ರ ಇನ್ನೂ ಚುಚ್ಚುತ್ತಿತ್ತು. ಆಗ ಅವಳು ತುತ್ತು ನುಂಗಿ, ನನ್ನತ್ತ ತಿರುಗಿ, "ಆಯಿ, ನಾಳಿಗಿ ಕಡೀ ಕುಣಿಕಿ ನಿಂದು. ಬಿಡಬ್ಯಾಡ ಮತ್ತ," ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.